ವಾರಂಟ್ ಇದೆಯೇ? ಕೋರ್ಟ್ ದಾಖಲೆಯಲ್ಲಿ ನಾನು ಹುಡುಕುವ ಬಗೆ

‘ನನ್ನ ಮೇಲೆ ವಾರಂಟ್ ಇದೆಯಾ, ಸ್ವಲ್ಪ ನೋಡಿ’ ಎಂದು ಬರುವವರಿಗೆ ಮೊದಲೇ ಹೇಳಬೇಕಾದ ಮಾತೊಂದಿದೆ. ಹೆಸರು ಹಾಕಿದರೆ ವಾರಂಟ್ ತೋರಿಸುವ ಸಾರ್ವಜನಿಕ ಪಟ್ಟಿ ಕರ್ನಾಟಕದಲ್ಲಿಲ್ಲ. ಅಮೆರಿಕದಲ್ಲಿ ನೆಲೆಸಿದ ನಮ್ಮವರು ಅಲ್ಲಿನ ಕೌಂಟಿ ಶೆರಿಫ್ ಕಚೇರಿಗಳ ಪಟ್ಟಿ ಕಂಡವರು, ಇಲ್ಲೂ ಅಂಥದ್ದು ಇರುತ್ತದೆಂದು ಗಂಟೆಗಟ್ಟಲೆ ತಡಕುತ್ತಾರೆ. ಇಲ್ಲಿ ವಾರಂಟ್ ಎಂಬುದು ಯಾವುದೋ ಒಂದು ಪ್ರಕರಣದ ಯಾವುದೋ ಒಂದು ವಾಯಿದೆಯ (ವಿಚಾರಣೆಯ ದಿನದ) ಆದೇಶದೊಳಗೆ ಒಂದು ಸಾಲಾಗಿ ಕೂತಿರುತ್ತದೆ. ಆದ್ದರಿಂದ ನಾನು ಮೊದಲು ಹುಡುಕುವುದು ಪ್ರಕರಣವನ್ನು.

ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದಿಷ್ಟು ಕೇಳಿಕೊಳ್ಳುತ್ತೇನೆ. ಯಾರಿಗಾದರೂ ಚೆಕ್ ಕೊಟ್ಟಿದ್ದಿರಾ? ಸಾಲದ ಕಂತು ಖಾತೆಯಿಂದ ಕಡಿತವಾಗದೆ ನಿಂತಿತ್ತೇ? ಜೀವನಾಂಶದ ಆದೇಶವಿದೆಯೇ? ಹಳೆಯ ಗಲಾಟೆ ಕೇಸಿನಲ್ಲಿ ಜಾಮೀನು ಪಡೆದು ಆಮೇಲೆ ಹೋಗುವುದನ್ನು ಬಿಟ್ಟಿದ್ದಿರಾ? ಯಾರಿಗಾದರೂ ಶ್ಯೂರಿಟಿ (ಜಾಮೀನುದಾರ) ನಿಂತಿದ್ದಿರಾ? ಈ ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಮರೆತೇಬಿಟ್ಟಿರುತ್ತಾರೆ. ಆರೋಪಿ ನಾಪತ್ತೆಯಾದರೆ ಮುಚ್ಚಳಿಕೆ ಜಪ್ತಾಗಿ ಶ್ಯೂರಿಟಿಗೆ ನೋಟಿಸ್ ಹೋಗುತ್ತದೆ, ಅದಕ್ಕೂ ಉತ್ತರವಿಲ್ಲದಿದ್ದರೆ ದಂಡ ವಸೂಲಿಯ ವಾರಂಟ್. ದಾಖಲೆಯಲ್ಲಿ ಅದನ್ನು ‘ಎಫ್‌ಎಲ್‌ಡಬ್ಲ್ಯೂ’ ಎಂದು ಬರೆದಿರುತ್ತಾರೆ. ಶ್ಯೂರಿಟಿ ಪ್ರಕರಣದ ಪಕ್ಷಗಾರನಲ್ಲವಾದ್ದರಿಂದ ಅವನ ಹೆಸರಿನಲ್ಲಿ ಹುಡುಕಿದರೆ ಏನೂ ಸಿಗದು. ಆರೋಪಿಯ ಹೆಸರಿನಲ್ಲೇ ಹುಡುಕಬೇಕು.

ಹುಡುಕಾಟ ನಡೆಯುವುದು ಇ-ಕೋರ್ಟ್ಸ್ ಸರ್ವೀಸಸ್ ಜಾಲತಾಣದಲ್ಲಿ, ಇಲ್ಲವೇ ಅದರದೇ ಮೊಬೈಲ್ ಆಪ್‌ನಲ್ಲಿ. ಎರಡೂ ಉಚಿತ. ಸಿಎನ್‌ಆರ್ ಸಂಖ್ಯೆ ಕೈಯಲ್ಲಿದ್ದರೆ ಕೆಲಸ ಒಂದೇ ನಿಮಿಷದ್ದು. ಅದು ಪ್ರತಿ ಪ್ರಕರಣಕ್ಕೂ ಇರುವ 16 ಅಕ್ಷರ-ಅಂಕಿಗಳ ಗುರುತು: ಮೊದಲ ಎರಡು ರಾಜ್ಯ, ಮುಂದಿನ ಎರಡು ಜಿಲ್ಲೆ, ಆಮೇಲಿನ ಎರಡು ನ್ಯಾಯಾಲಯ ಘಟಕ, ನಂತರ ಆರು ಅಂಕಿಯ ಕ್ರಮಸಂಖ್ಯೆ, ಕೊನೆಯ ನಾಲ್ಕು ವರ್ಷ. ಕರ್ನಾಟಕದ್ದು ‘ಕೆಎ’ ಎಂದೇ ಶುರುವಾಗುತ್ತದೆ. ಸಿಎನ್‌ಆರ್ ಇಲ್ಲದೆ ಎಫ್‌ಐಆರ್ ಗೊತ್ತಿದ್ದರೆ, ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ, ಎಫ್‌ಐಆರ್ ವಿಭಾಗದಲ್ಲಿ ಠಾಣೆ, ಕ್ರೈಂ ನಂಬರ್ (ಎಫ್‌ಐಆರ್ ಸಂಖ್ಯೆ), ವರ್ಷ ಕೊಡಬೇಕು. ಕ್ರೈಂ ನಂಬರ್ ಮರೆತಿದ್ದರೆ ರಾಜ್ಯ ಪೊಲೀಸರ ಜಾಲತಾಣದಲ್ಲಿ ಎಫ್‌ಐಆರ್ ಪ್ರತಿ ಹುಡುಕಬಹುದು. 2016ರ ಸುಪ್ರೀಂ ಕೋರ್ಟ್ ಆದೇಶದಂತೆ, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಅಲ್ಲಿ ಹಾಕಬೇಕು.

ಎರಡೂ ಇಲ್ಲದಿದ್ದಾಗ ಹೆಸರಿನ ಹುಡುಕಾಟ. ಜನ ಎಡವುವುದು ಇಲ್ಲಿಯೇ. ಹುಡುಕಾಟ ಒಂದು ಬಾರಿಗೆ ಒಂದೇ ಕೋರ್ಟ್ ಸಂಕೀರ್ಣದಲ್ಲಿ, ಒಂದೇ ವರ್ಷಕ್ಕೆ ನಡೆಯುತ್ತದೆ. ಆ ವರ್ಷ ಪ್ರಕರಣ ನೋಂದಣಿಯಾದ ವರ್ಷ, ಘಟನೆ ನಡೆದದ್ದಲ್ಲ. 2019ರ ಗಲಾಟೆಗೆ ಚಾರ್ಜ್‌ಶೀಟ್ 2021ರಲ್ಲಿ ಬಂದು ಸಿ.ಸಿ. (ಕೋರ್ಟಿನ ಕ್ರಿಮಿನಲ್ ಕೇಸ್) ನಂಬರ್ ಬಿದ್ದಿದ್ದರೆ 2019ರಲ್ಲಿ ಹುಡುಕಿ ಪ್ರಯೋಜನವಿಲ್ಲ. ಹಾಗಾಗಿ ಘಟನೆಯ ವರ್ಷದಿಂದ ಇಂದಿನವರೆಗೆ ಒಂದೊಂದೇ ವರ್ಷ ಹಾಕಿ ನೋಡುತ್ತೇನೆ. ‘ಬಾಕಿ’, ‘ಇತ್ಯರ್ಥ’, ‘ಎರಡೂ’ ಎಂಬ ಆಯ್ಕೆಗಳಲ್ಲಿ ಯಾವಾಗಲೂ ‘ಎರಡೂ’. ಯಾಕೆ ಎಂಬುದನ್ನು ಕೆಳಗೆ ಹೇಳುತ್ತೇನೆ.

ಇನ್ನು ಅಕ್ಷರಗಳ ತೊಡಕು. ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಏರಿಸುವವರು ಚಾರ್ಜ್‌ಶೀಟಿನಲ್ಲಿ ಕಂಡಂತೆ, ಕಿವಿಗೆ ಕೇಳಿದಂತೆ ಏರಿಸುತ್ತಾರೆ. ಮಂಜುನಾಥನ ಕೊನೆಗೆ ‘ಎ’ ಇರಬಹುದು, ಇಲ್ಲದಿರಬಹುದು. ಮೂರ್ತಿಗೆ ‘ವೈ’ ಅಥವಾ ‘ಐ’. ಲಕ್ಷ್ಮಿಗೆ ‘ಎಕ್ಸ್’ ಅಥವಾ ‘ಕೆಎಸ್‌ಎಚ್’. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಹೆಸರಿಗೆ ಕನಿಷ್ಠ ಮೂರು ಅಕ್ಷರ ಬೇಕು. ಪೂರ್ತಿ ಹೆಸರು ಹಾಕುವುದಕ್ಕಿಂತ, ಕಾಗುಣಿತ ಹೇಗೆ ತಿರುಗಿದರೂ ಬದಲಾಗದ ತುಂಡನ್ನು ಮಾತ್ರ ಹಾಕುತ್ತೇನೆ. ಪಟ್ಟಿ ಉದ್ದವಾಗುತ್ತದೆ, ಆದರೆ ಬೇಕಾದದ್ದು ತಪ್ಪಿಹೋಗುವುದಿಲ್ಲ. ಊರಲ್ಲಿ ಕರೆಯುವ ಹೆಸರು, ಅಲಿಯಾಸ್, ಮದುವೆಗೆ ಮೊದಲಿನ ಹೆಸರು, ಎಲ್ಲದರಲ್ಲೂ ನೋಡಬೇಕು.

ಚೆಕ್ ಬೌನ್ಸ್ ಪ್ರಕರಣಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮನೆಯವರಿಗೂ ಗೊತ್ತಿಲ್ಲದ ವಾರಂಟ್‌ಗಳು ಹೆಚ್ಚಾಗಿ ಹುಟ್ಟುವುದು ಇಲ್ಲೇ. ಇವು ಖಾಸಗಿ ದೂರುಗಳು. ಠಾಣೆಯಲ್ಲಿ ಎಫ್‌ಐಆರ್ ಇರುವುದಿಲ್ಲ. ಮೊದಲು ‘ಪಿಸಿಆರ್’ (ಖಾಸಗಿ ದೂರುಗಳ ವಹಿ) ನಂಬರ್ ಬೀಳುತ್ತದೆ, ಸಮನ್ಸ್ ಹೊರಡಿಸುವ ಹಂತಕ್ಕೆ ಬಂದರೆ ‘ಸಿ.ಸಿ.’ ಆಗುತ್ತದೆ. 2015ರ ತಿದ್ದುಪಡಿಯ ನಂತರ, ಚೆಕ್ಕನ್ನು ಖಾತೆಗೆ ಹಾಕಿ ನಗದಾಗಿಸಲು ಕೊಟ್ಟಾಗ ಕೇಸು ನಡೆಯುವುದು ದೂರುದಾರನ ಖಾತೆಯಿರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲಿ. ಅಂದರೆ ಗದಗದಲ್ಲಿ ಇರುವವರ ಮೇಲಿನ ಕೇಸು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರಬಹುದು. ಬ್ಯಾಂಕಿಗೆ ಕೊಟ್ಟಿದ್ದ ಹಳೆಯ ಬಾಡಿಗೆ ಮನೆಯ ವಿಳಾಸಕ್ಕೆ ಸಮನ್ಸ್ ಹೋಗಿ, ಆಮೇಲೆ ಜಾಮೀನು ವಾರಂಟ್, ಆಮೇಲೆ ಜಾಮೀನುರಹಿತ ವಾರಂಟ್. ಖಾತೆಯಿಂದ ಕಂತು ಕಡಿತವಾಗದೆ ಹಿಂದಿರುಗಿದರೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ ಅಡಿ ಹೀಗೆಯೇ ದೂರು ಹಾಕಬಹುದು. ಸಾಲ ಕೊಟ್ಟ ಕಂಪನಿ ಕಳಿಸಿದ ಲಾಯರ್ ನೋಟಿಸ್ ಇದ್ದರೆ ತನ್ನಿ ಎನ್ನುತ್ತೇನೆ. ಅದರಲ್ಲಿನ ಶಾಖೆಯ ವಿಳಾಸದಿಂದ ಎಲ್ಲಿಂದ ಹುಡುಕಾಟ ಶುರುಮಾಡಬೇಕೆಂಬುದು ತಿಳಿಯುತ್ತದೆ.

ಬೆಂಗಳೂರಿನವರು ಇನ್ನೊಂದನ್ನು ಗಮನಿಸಬೇಕು. ನಗರದ ಕ್ರಿಮಿನಲ್ ಕೋರ್ಟ್‌ಗಳು ಬೇರೆ ಬೇರೆ ಸಂಕೀರ್ಣಗಳಲ್ಲಿ ಹರಡಿವೆ. ಬೆಂಗಳೂರು ಗ್ರಾಮಾಂತರ ಜಾಲತಾಣದಲ್ಲಿ ಬೇರೆಯೇ ಜಿಲ್ಲೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಕೇಸುಗಳನ್ನು ಅಲ್ಲಿ ನೋಡಬೇಕು.

ಪ್ರಕರಣ ಸಿಕ್ಕಿತು ಎನ್ನೋಣ. ಪುಟದ ಮೇಲ್ಭಾಗದಲ್ಲಿ ಮುಂದಿನ ವಾಯಿದೆ, ಹಂತ, ಕೋರ್ಟ್ ಹಾಲ್ ಸಂಖ್ಯೆ ಇರುತ್ತವೆ. ಹಂತದ ಜಾಗದಲ್ಲಿ ‘ಎನ್‌ಬಿಡಬ್ಲ್ಯೂ’ (ಜಾಮೀನುರಹಿತ ವಾರಂಟ್) ಎಂದಿದ್ದರೆ ವಿಷಯ ನೇರ. ಆದರೆ ‘ಸಾಕ್ಷ್ಯ’ ಎಂದೋ ‘ಆರೋಪಿಯ ಹಾಜರಿ’ ಎಂದೋ ಇದ್ದ ಮಾತ್ರಕ್ಕೆ ನಿಶ್ಚಿಂತೆಯಲ್ಲ. ಕೆಳಗೆ ಪ್ರಕರಣದ ಇತಿಹಾಸದಲ್ಲಿ ಪ್ರತಿ ದಿನಾಂಕವೂ ಒತ್ತಿದರೆ ತೆರೆದುಕೊಳ್ಳುತ್ತದೆ. ಆ ದಿನ ಕೋರ್ಟಿನಲ್ಲಿ ನಡೆದದ್ದು ಒಳಗಿದೆ. ಕೊನೆಯ ದಿನಾಂಕದಿಂದ ಹಿಂದಕ್ಕೆ ಓದುತ್ತಾ ಹೋಗುತ್ತೇನೆ. ‘ಆರೋಪಿ ಗೈರು, ಇ.ಪಿ. ತಿರಸ್ಕೃತ’ ಎಂದಿದ್ದರೆ ಹಾಜರಿಯಿಂದ ವಿನಾಯಿತಿ ಕೋರಿದ ಅರ್ಜಿ ತಳ್ಳಿಹೋಯಿತು ಎಂದರ್ಥ. ಅದರ ಹಿಂದೆಯೇ ವಾರಂಟ್ ಬರುವುದು ರೂಢಿ. ‘ಎನ್‌ಬಿಡಬ್ಲ್ಯೂ ಟು ಎ2’ ಎಂದರೆ ಎರಡನೇ ಆರೋಪಿಗೆ ಮಾತ್ರ. ‘ರೀ-ಇಷ್ಯೂ’ ಎಂದರೆ ಹಿಂದಿನದು ಜಾರಿಯಾಗಿಲ್ಲ, ಮತ್ತೆ ಹೊರಟಿದೆ. ‘ರೀಕಾಲ್ಡ್’ (ಹಿಂಪಡೆಯಲಾಗಿದೆ) ಎಂಬ ಮಾತು ಸಿಗುವವರೆಗೆ ವಾರಂಟ್ ಬದುಕಿದೆ ಎಂದೇ ಹಿಡಿಯಬೇಕು. ವಾಯಿದೆ ದಾಟಿತು ಎಂದು ಅದು ಸಾಯುವುದಿಲ್ಲ. ಹೊರಡಿಸಿದ ಕೋರ್ಟ್ ರದ್ದು ಮಾಡುವವರೆಗೆ ಅಥವಾ ಜಾರಿಯಾಗುವವರೆಗೆ ಅದು ಊರ್ಜಿತ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 70ನೇ ಕಲಂ ಆಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 72ನೇ ಕಲಂ. ಹಳೆಯ ಪ್ರಕರಣಗಳಲ್ಲಿ ಹಳೆಯ ಕಲಂಗಳೇ ಕಾಣುತ್ತವೆ, ಗೊಂದಲ ಬೇಡ. ‘ಉದ್ಘೋಷಣೆ’ಯ, ಅಂದರೆ ತಲೆಮರೆಸಿಕೊಂಡವರು ಹಾಜರಾಗಬೇಕೆಂಬ ಕೋರ್ಟಿನ ಬಹಿರಂಗ ಪ್ರಕಟಣೆಯ, ಮಾತು ಬಂದಿದ್ದರೆ ಸ್ಥಿತಿ ಗಂಭೀರ. ಆಸ್ತಿ ಜಪ್ತಿಗೂ, ಪ್ರತ್ಯೇಕ ಅಪರಾಧಕ್ಕೂ ಅಲ್ಲಿಂದ ದಾರಿ ತೆರೆಯುತ್ತದೆ.

‘ಎರಡೂ’ ಆರಿಸಿ ಎಂದದ್ದು ಇದಕ್ಕೆ. ಹಲವು ಆರೋಪಿಗಳಿರುವ ಕೇಸಿನಲ್ಲಿ ಒಬ್ಬ ಬರದಿದ್ದರೆ ಅವನ ಭಾಗವನ್ನು ಬೇರ್ಪಡಿಸಿ, ಹೊಸ ನಂಬರ್ ಕೊಟ್ಟು, ಉಳಿದವರ ವಿಚಾರಣೆ ಮುಗಿಸುತ್ತಾರೆ. ಮೂಲ ಕೇಸು ‘ಇತ್ಯರ್ಥ, ಖುಲಾಸೆ’ ಎಂದು ಕಾಣುತ್ತದೆ. ಅದನ್ನು ನೋಡಿ ‘ಕೇಸು ಮುಗಿಯಿತು’ ಎಂದು ನೆಮ್ಮದಿಯಾಗಿದ್ದವನ ಹೆಸರಿನಲ್ಲಿ ಬೇರ್ಪಟ್ಟ ಕೇಸು ಬದುಕಿರುತ್ತದೆ. ಬಹುಕಾಲ ಸಿಗದ ಆರೋಪಿಯ ಕೇಸು ‘ಎಲ್‌ಪಿಸಿ’, ಅಂದರೆ ದೀರ್ಘಕಾಲ ಬಾಕಿಯಿರುವ ಪ್ರಕರಣಗಳ ವಹಿಗೆ ಹೋಗುತ್ತದೆ. ಇತ್ಯರ್ಥವಾದ ಮೂಲ ಕೇಸಿನ ಕೊನೆಯ ಆದೇಶ ತೆರೆದು, ‘ಸ್ಪ್ಲಿಟ್ ಅಪ್’ ಎಂಬ ಮಾತು ಇದೆಯೇ, ಯಾವ ಆರೋಪಿಗೆ, ಹೊಸ ನಂಬರ್ ಯಾವುದು ಎಂದು ಬರೆದುಕೊಳ್ಳುತ್ತೇನೆ.

ಇ-ಕೋರ್ಟ್ಸ್‌ನ ಕ್ರಿಮಿನಲ್ ಪಟ್ಟಿಯಲ್ಲಿ ಏನೂ ಸಿಗಲಿಲ್ಲ ಎಂದರೆ ಏನೂ ಇಲ್ಲ ಎಂದಲ್ಲ. ಡಿಕ್ರಿ (ಸಿವಿಲ್ ತೀರ್ಪಿನ) ಹಣ ಕಟ್ಟದವರ ಮೇಲಿನ ಬಂಧನ ವಾರಂಟ್ ಸಿವಿಲ್ ಕೋರ್ಟಿನ ಅಮಲ್ಜಾರಿ ಅರ್ಜಿಯಲ್ಲಿರುತ್ತದೆ. ಜೀವನಾಂಶದ್ದು ಕುಟುಂಬ ನ್ಯಾಯಾಲಯದಲ್ಲಿ. ಗ್ರಾಹಕ ಆಯೋಗದ ಆದೇಶ ಪಾಲಿಸದ್ದಕ್ಕೆ ಹೊರಟ ವಾರಂಟ್ ಅಲ್ಲೆಲ್ಲೂ ಇಲ್ಲ, ಅದಕ್ಕೆ ಇ-ಜಾಗೃತಿ ತಾಣ ನೋಡಬೇಕು. ಶಾಂತಿಭಂಗ ತಡೆಯುವ ಮುಚ್ಚಳಿಕೆ ಪ್ರಕರಣಗಳು ತಹಶೀಲ್ದಾರರಂಥ ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಮುಂದೆ ನಡೆಯುತ್ತವೆ. ಅಲ್ಲಿ ಕಚೇರಿಗೇ ಹೋಗಿ ಕೇಳಬೇಕು. ಪೋಕ್ಸೊದಂಥ ಪ್ರಕರಣಗಳಲ್ಲಿ ಹೆಸರು ಮರೆಮಾಡಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಸಂಜ್ಞೇಯ ಅಪರಾಧದ ತನಿಖೆ ನಡೆಯುತ್ತಿರುವಾಗ ಪೊಲೀಸರಿಗೆ ಬಂಧಿಸಲು ವಾರಂಟೇ ಬೇಕಿಲ್ಲ. ಅಂಥವರಿಗೆ ಬೇಕಾದದ್ದು ನಿರೀಕ್ಷಣಾ ಜಾಮೀನಿನ ಸಲಹೆ.

ಆನ್‌ಲೈನ್ ದಾಖಲೆ ಹಿಂದೆ ಬಿದ್ದಿದ್ದರೆ ಕೋರ್ಟ್ ಕಚೇರಿಗೆ ಹೋಗಲೇಬೇಕು. ಬೆಳಿಗ್ಗೆ ಕೇಸುಗಳನ್ನು ಕೂಗುವ ಕೆಲಸದ ನಡುವೆ ಬೆಂಚ್ ಕ್ಲರ್ಕ್ ಬಳಿ ಹೋದರೆ ಉತ್ತರ ಸಿಗುವುದಿಲ್ಲ, ಮಧ್ಯಾಹ್ನದ ನಂತರ ಹೋಗಿ. ಕೇಸ್ ನಂಬರ್, ಕೊನೆಯ ವಾಯಿದೆ ಚೀಟಿಯಲ್ಲಿ ಬರೆದುಕೊಂಡು ಹೋದರೆ ಎ-ಡೈರಿಯಲ್ಲಿ (ಕೋರ್ಟಿನ ದಿನಚರಿ ವಹಿಯಲ್ಲಿ) ಅಥವಾ ಕಡತದ ಆದೇಶ ಹಾಳೆಯಲ್ಲಿ ನೋಡಿ ಹೇಳುತ್ತಾರೆ. ಆದೇಶ ಹಾಳೆಯ ದೃಢೀಕೃತ ಪ್ರತಿಗೆ ನಕಲು ಅರ್ಜಿ ಹಾಕುವುದು ಎಲ್ಲಕ್ಕಿಂತ ಗಟ್ಟಿ. ಈ ಕೆಲಸಕ್ಕೆ ವಕೀಲರನ್ನು ಕಳಿಸುವುದೇ ಮೇಲು. ಜಾಮೀನುರಹಿತ ವಾರಂಟ್ ಬಾಕಿಯಿರಬಹುದು ಎಂಬ ಅನುಮಾನ ಇಟ್ಟುಕೊಂಡು ‘ವಾರಂಟ್ ಇದೆಯಾ’ ಎಂದು ಕೇಳಲು ಖುದ್ದಾಗಿ ಠಾಣೆಗೆ ಹೋಗಬೇಡಿ. ಇದ್ದರೆ ಜಾರಿ ಮಾಡುವುದು ಅವರ ಕರ್ತವ್ಯ. ವಕೀಲರ ಖರ್ಚು ಭರಿಸಲಾಗದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿನ ಹಕ್ಕಿದೆ.

ಫೋನಿನಲ್ಲಿ ‘ನಿಮ್ಮ ಮೇಲೆ ವಾರಂಟ್ ಇದೆ, ವಿಡಿಯೊ ಕರೆಯಲ್ಲೇ ಇರಿ’ ಎಂದು ಹೆದರಿಸುವವರ ಕಾಗದವನ್ನೂ ಹೀಗೆಯೇ ಪರೀಕ್ಷಿಸಬಹುದು. ನಿಜವಾದ ವಾರಂಟ್ ಲಿಖಿತವಾಗಿರುತ್ತದೆ, ನ್ಯಾಯಾಧೀಶರ ಸಹಿ ಮತ್ತು ಕೋರ್ಟಿನ ಮೊಹರು ಇರುತ್ತದೆ. ಕೇಸ್ ನಂಬರ್ ಮತ್ತು ಕೋರ್ಟಿನ ಹೆಸರು ಕೇಳಿ, ತಾಣದಲ್ಲಿ ನೀವೇ ಹುಡುಕಿ. ಫೋನ್ ಮೂಲಕ ಬಂಧಿಸುವ ಕಾನೂನು ಈ ದೇಶದಲ್ಲಿಲ್ಲ. ಹಣ ಕಳಿಸಿಬಿಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಬಾಡಿಗೆದಾರರ, ಕೆಲಸಗಾರರ, ವಧೂವರರ ಹಿನ್ನೆಲೆ ನೋಡಲು ಇದೇ ತಾಣ ಬಳಸುವವರಿಗೆ ಕಳಕಳಿಯಿಂದ ಹೇಳುತ್ತೇನೆ. ಪಟ್ಟಿಯಲ್ಲಿ ಎಷ್ಟೋ ಸಲ ಬರೀ ಹೆಸರಿರುತ್ತದೆ, ತಂದೆಯ ಹೆಸರೂ ವಿಳಾಸವೂ ಇರುವುದಿಲ್ಲ. ಒಂದೇ ತಾಲ್ಲೂಕಿನಲ್ಲಿ ಒಂದೇ ಹೆಸರಿನವರು ಎಷ್ಟು ಜನ! ಎಫ್‌ಐಆರ್ ತೆರೆದು ತಂದೆಯ ಹೆಸರು, ವಯಸ್ಸು, ಊರು ತಾಳೆಯಾಗದೆ ಯಾರ ಮೇಲೂ ತೀರ್ಮಾನಕ್ಕೆ ಬರಬೇಡಿ.

ವಾರಂಟ್ ಇರುವುದು ಖಚಿತವಾದರೆ ಮುಂದಿನ ವಾಯಿದೆಗೆ ಕಾಯುವುದಿಲ್ಲ. ವಾಯಿದೆಗೆ ಮೊದಲೇ ಕೇಸು ತೆಗೆದುಕೊಳ್ಳಲು ಕೋರುವ ಅರ್ಜಿ, ವಾರಂಟ್ ರೀಕಾಲ್ ಅರ್ಜಿ, ವಕಾಲತ್ತು ಸಿದ್ಧಮಾಡಿ, ಆರೋಪಿಯನ್ನೇ ಕರೆದುಕೊಂಡು ಬೆಳಿಗ್ಗೆಯೇ ಕೋರ್ಟಿನಲ್ಲಿರುತ್ತೇವೆ. ಗೈರಿಗೆ ಕಾರಣ ತೋರಿಸುವ ಆಸ್ಪತ್ರೆ ಚೀಟಿ, ವಿಳಾಸ ಬದಲಾವಣೆಯ ದಾಖಲೆ, ಶ್ಯೂರಿಟಿಯ ಪಹಣಿ ಅಥವಾ ತೆರಿಗೆ ರಸೀದಿ, ಆಧಾರ್ ಜೊತೆಗಿರಬೇಕು. ರೀಕಾಲ್ ಆಯಿತು ಎಂದು ಮನೆಗೆ ಹೋಗಿಬಿಟ್ಟರೆ ಕೆಲಸ ಅರ್ಧವೇ ಆದಂತೆ, ಏಕೆಂದರೆ ಠಾಣೆಯಲ್ಲಿರುವ ವಾರಂಟ್ ಪ್ರತಿಗೆ ಅದು ತಾನಾಗಿ ತಿಳಿಯುವುದಿಲ್ಲ. ರದ್ದಾದ ವಾರಂಟಿನ ಮೇಲೆ ಬಂಧನವಾದ ಪ್ರಕರಣದಲ್ಲೇ 2011ರಲ್ಲಿ ಸುಪ್ರೀಂ ಕೋರ್ಟ್ ವಾರಂಟ್‌ಗಳ ವಹಿ ಇಡಬೇಕು, ರದ್ದಾದದ್ದನ್ನು ಕೂಡಲೇ ಠಾಣೆಗೆ ತಿಳಿಸಬೇಕು ಎಂದು ಸೂಚಿಸಿತು. ಆದ್ದರಿಂದ ರೀಕಾಲ್ ಆದೇಶದ ದೃಢೀಕೃತ ಪ್ರತಿಗೆ ಅದೇ ದಿನ ಅರ್ಜಿ ಹಾಕಿ, ರೀಕಾಲ್ ಮಾಹಿತಿ ಠಾಣೆಗೆ ಹೋಯಿತೇ ಎಂದು ಕಚೇರಿಯಲ್ಲಿ ವಿಚಾರಿಸಿ. ಪ್ರತಿ ಕೈಗೆ ಬಂದ ಮೇಲೆ ಒಂದನ್ನು ವಕೀಲರ ಮೂಲಕ ಠಾಣೆಯ ವಾರಂಟ್ ನೋಡಿಕೊಳ್ಳುವ ಸಿಬ್ಬಂದಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಇನ್ನೊಂದು ನಿಮ್ಮ ಬಳಿ ಇರಲಿ. ಕೆಲವು ದಿನ ಬಿಟ್ಟು ಅದೇ ಸಿಎನ್‌ಆರ್ ಹಾಕಿ, ಆ ದಿನಾಂಕದ ಕೆಳಗೆ ‘ರೀಕಾಲ್ಡ್’ ಎಂದು ಏರಿದೆಯೇ ನೋಡಿ. ಏರಿರದಿದ್ದರೆ ಪ್ರತಿ ಹಿಡಿದು ಕೋರ್ಟ್ ಕಚೇರಿಗೆ ಹೋಗಿ ಸರಿಪಡಿಸಲು ಕೇಳಿ.