ಹಕ್ಕಿಗೂಡು ಎಣಿಸುತ್ತ ಪೋಲ್ ಸುತ್ತಿದ್ದು

ಮೊದಲ ದಿನ ನಾನು ಸೋತೆ. ಅಹಮದಾಬಾದಿನ ಜಾಮಾ ಮಸೀದಿಯ ಅಂಗಳದಲ್ಲಿ ನಿಂತು, ಸುಲ್ತಾನ ಅಹಮದ್ ಷಾ 1411ರಲ್ಲಿ ನಗರಕ್ಕೆ ಅಡಿಪಾಯ ಹಾಕಿದ್ದು, 1424ರಲ್ಲಿ ಈ ಮಸೀದಿ ಮುಗಿದದ್ದು, 2017ರಲ್ಲಿ ಯುನೆಸ್ಕೊ ಹಳೆಯ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಒಂಬತ್ತು ವರ್ಷದ ಮೊಮ್ಮಗಳು ಆಕಳಿಸಿದಳು. ಆರು ವರ್ಷದ ಮೊಮ್ಮಗ ಕಂಬ ಎಣಿಸಲು ಓಡಿದವನು ನಲವತ್ತರ ಆಸುಪಾಸಿನಲ್ಲಿ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿದ. ಅಲ್ಲಿರುವುದು ಸುಮಾರು 260 ಕಂಬ. ಸ್ವಲ್ಪ ಹೊತ್ತಿಗೆ ಅಕ್ಕನೂ ಎಣಿಕೆಗೆ ಸೇರಿಕೊಂಡಳು. ನನ್ನ ಮಾತು ಕೇಳಲು ಉಳಿದವಳು ನನ್ನ ಮಗಳೊಬ್ಬಳೇ, ಅದೂ ದಾಕ್ಷಿಣ್ಯಕ್ಕೆ.

ಆ ರಾತ್ರಿ ಯೋಜನೆ ಬದಲಿಸಿದೆ. ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಜಾಮಾ ಮಸೀದಿಯವರೆಗೆ ನಗರಪಾಲಿಕೆಯವರು 1997ರಿಂದ ಪರಂಪರೆಯ ನಡಿಗೆ ನಡೆಸುತ್ತಿದ್ದಾರೆ. ದಾರಿ ಚೆನ್ನಾಗಿದೆ, ಆದರೆ ಗುಂಪಿನ ಹೆಜ್ಜೆಗೆ ಆರು ವರ್ಷದ ಕಾಲು ಹೊಂದುವುದಿಲ್ಲ. ಅದೇ ದಾರಿಯನ್ನು ಎರಡು ಬೆಳಗಿಗೆ ಹಂಚಿ, ಪೋಲ್‌ಗಳ, ಅಂದರೆ ದೊಡ್ಡ ಬಾಗಿಲಿನ ಒಳಗೆ ಮನೆಗಳು ಒತ್ತಾಗಿರುವ ಹಳೆಯ ಕೇರಿಗಳ ನಡುವೆ ನಾವೇ ನಡೆದೆವು. ಮಕ್ಕಳಿಗೆ ಒಂದೇ ಕೆಲಸ ಕೊಟ್ಟೆ: ಚಬೂತರೊ ಎಷ್ಟಿವೆ, ಎಣಿಸಿ.

ಚಬೂತರೊ ಎಂದರೆ ಹಕ್ಕಿಗಳಿಗೆ ಕಾಳು ಹಾಕಲು ಎತ್ತರದ ಕಂಬದ ಮೇಲೆ ಕಟ್ಟಿದ ಪುಟ್ಟ ಮಂಟಪ. ನಮ್ಮ ಮಕ್ಕಳು ಅದನ್ನು ಹಕ್ಕಿಗೂಡು ಎಂದೇ ಕರೆದರು, ನಾನು ತಿದ್ದಲಿಲ್ಲ. ಅದನ್ನು ಹುಡುಕಲು ತಲೆ ಎತ್ತಿದವರಿಗೆ ಉಳಿದದ್ದೆಲ್ಲ ತಾನಾಗಿ ಕಂಡಿತು: ಕೆತ್ತನೆಯ ಮರದ ಚಾಚುಗಳು, ಎದುರುಬದುರು ಮನೆಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದ ಮೇಲಂತಸ್ತುಗಳು, ಸಂಕ್ರಾಂತಿಯಲ್ಲಿ ಹಾರಿಸಿ ತಂತಿಗೆ ಸಿಕ್ಕಿ ಹರಿದುಹೋದ ಗಾಳಿಪಟಗಳು. ಹದಿನೈದು ದಿನವಾಗಿದ್ದರೂ ಅವು ಹಾಗೇ ತೂಗುತ್ತಿದ್ದವು. ಮೊಮ್ಮಗ ಅವುಗಳನ್ನೂ ಎಣಿಸಲು ಹೊರಟ, ಅಕ್ಕ ಗದರಿದಳು.

ಪೋಲ್ ಎಂದರೇನು ಎಂದು ನಾನು ಹೇಳಬೇಕಾಗಲಿಲ್ಲ. ಒಂದು ದೊಡ್ಡ ಬಾಗಿಲು ದಾಟಿ ಒಳಗೆ ಹೋದ ಕೂಡಲೇ ರಸ್ತೆಯ ಗದ್ದಲ ಅಡಗಿತು, ಬಿಸಿಲೂ ಹೋಯಿತು. “ಅಜ್ಜ, ರಾತ್ರಿ ಈ ಬಾಗಿಲು ಹಾಕಿದರೆ ಕಳ್ಳರು ಬರುವುದಿಲ್ಲ ಅಲ್ಲವೇ?” ಎಂದು ಮೊಮ್ಮಗಳೇ ಕೇಳಿದಳು. ಅದಕ್ಕೇ ಕಟ್ಟಿದ್ದು. ಹಾಗಾದರೆ ಒಳಗಿನವರು ತಪ್ಪಿಸಿಕೊಳ್ಳುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಒಂದು ಪೋಲ್‌ನಿಂದ ಇನ್ನೊಂದಕ್ಕೆ ಮನೆಬಾಗಿಲಿನಂತೆಯೇ ಕಾಣುವ ಗುಟ್ಟುದಾರಿಗಳಿವೆ. ಅಂಥದೊಂದನ್ನು ಸ್ಥಳೀಯ ಅಜ್ಜಿಯೊಬ್ಬರು ತೋರಿಸಿದ ಮೇಲೆ ಎಲ್ಲ ಬಾಗಿಲುಗಳ ಮೇಲೂ ಅನುಮಾನ ಶುರುವಾಯಿತು. ಯಾವ ಬಾಗಿಲನ್ನೂ ಕೇಳದೆ ತಳ್ಳಬಾರದು ಎಂದು ನಿಯಮ ಹಾಕಬೇಕಾಯಿತು. ಅವು ಜನ ವಾಸಿಸುವ ಮನೆಗಳು, ವಸ್ತುಸಂಗ್ರಹಾಲಯವಲ್ಲ.

ಗುಜರಾತಿ ಕವಿ ದಲಪತರಾಮರ ಮನೆಯಿದ್ದ ಚೌಕದಲ್ಲಿ ಅವರ ಕಂಚಿನ ಪ್ರತಿಮೆ ಜಗಲಿಯ ಮೇಲೆ ಕುಳಿತಿದೆ, ಪೀಠವಿಲ್ಲ, ಬೇಲಿಯಿಲ್ಲ. ಮಕ್ಕಳು ಪಕ್ಕದಲ್ಲಿ ಹೋಗಿ ಕೂತರು. ಅಲ್ಲಿ ಅರ್ಧ ಗಂಟೆ ಕಳೆದೆವು. ತಿಂಡಿಯ ಡಬ್ಬಿ ಅಲ್ಲೇ ಖಾಲಿಯಾಯಿತು.

ಎರಡನೆಯ ಬೆಳಗು ಒಂದು ಮನೆಯವರು ಒಳಗೆ ಕರೆದರು. ನಡು ಅಂಗಳದ ನೆಲದಲ್ಲಿ ಒಂದು ಮುಚ್ಚಳ, ಅದರಡಿಯಲ್ಲಿ ಟಾಂಕಾ, ಅಂದರೆ ಮಳೆನೀರಿನ ನೆಲತೊಟ್ಟಿ. ಮಕ್ಕಳು ಹೊಟ್ಟೆಯ ಮೇಲೆ ಮಲಗಿ ತಮ್ಮ ಹೆಸರು ಕೂಗಿದರು, ತೊಟ್ಟಿ ತಿರುಗಿ ಕೂಗಿತು. ನಾನು ಮೂವತ್ತು ವರ್ಷ ಕಟ್ಟಡ ಕಟ್ಟಿಸಿದವನು, ಬಾಯಿ ತುರಿಸುತ್ತಿತ್ತು. ಆದರೂ ಅವರು ಕೇಳುವವರೆಗೆ ಕಾದೆ. ಮೊದಲ ಮಳೆ ಮಾಳಿಗೆ ತೊಳೆದು ಹರಿದುಹೋಗಲು ಬಿಡುತ್ತಾರೆ, ಆಮೇಲಿನ ನೀರು ಕೊಳವೆಯಲ್ಲಿ ಇಳಿಯುತ್ತದೆ, ಬೆಳಕು ತಾಗದ್ದರಿಂದ ಪಾಚಿ ಕಟ್ಟುವುದಿಲ್ಲ. ಇಟ್ಟಿಗೆ ಗೋಡೆಯ ನಡುವೆ ಮರದ ತೊಲೆ ಏಕೆ ಎಂದದ್ದಕ್ಕೆ ಮೊಮ್ಮಗನ ಬೆರಳುಗಳಿಗೆ ನನ್ನ ಬೆರಳು ಹೆಣೆದು ಅಲ್ಲಾಡಿಸಿದೆ: ನೆಲ ನಡುಗಿದಾಗ ಗೋಡೆ ಹೀಗೆ ಒಟ್ಟಿಗೆ ತೂಗಲಿ ಎಂದು. ಅವನು ದಿನವಿಡೀ ಸಿಕ್ಕವರ ಬೆರಳು ಹಿಡಿದು ಭೂಕಂಪ ಮಾಡಿಸಿದ.

ಹೋಗುವವರಿಗೆ ಎರಡು ಮಾತು. ಓಣಿ ಎಷ್ಟೇ ಕಿರಿದಾಗಿರಲಿ, ಸ್ಕೂಟರ್ ಬಂದೇ ಬರುತ್ತದೆ. ತಿರುವಿನಲ್ಲಿ ಕೈ ಹಿಡಿಯಬೇಕು. ಒಳಗೆ ಶೌಚಾಲಯ ಸಿಗುತ್ತದೆಂದು ನಂಬಬೇಡಿ, ಹೊರಡುವ ಮೊದಲೇ ಮುಗಿಸಿಕೊಳ್ಳಿ. ಇದನ್ನು ನಾನು ಕಲಿತ ಬಗೆಯನ್ನು ಮೊಮ್ಮಗನ ಮಾನ ಉಳಿಸಲು ಬರೆಯುವುದಿಲ್ಲ.

ಕೊನೆಗೆ ಎಣಿಕೆಯಲ್ಲಿ ಜಗಳವಾಯಿತು. ಅಕ್ಕನ ಲೆಕ್ಕ ಐದು, ತಮ್ಮನದು ಆರು. ಮಾಡು ಮುರಿದ ಒಂದನ್ನು ಲೆಕ್ಕಕ್ಕೆ ಹಿಡಿಯಬೇಕೇ ಬೇಡವೇ ಎಂಬುದು ತಕರಾರು. ಪಾರಿವಾಳ ಕೂತಿದ್ದರೆ ಲೆಕ್ಕಕ್ಕೆ ಸೇರಿಸೋಣ ಎಂದೆ. ಕೂತಿತ್ತೋ ಇಲ್ಲವೋ ಇಬ್ಬರಿಗೂ ನೆನಪಿರಲಿಲ್ಲ. ರೈಲಿಗೆ ಇನ್ನೂ ಮೂರು ಗಂಟೆ ಇತ್ತು. ಹಿಂದಿರುಗಿ ಅದೇ ಓಣಿಗೆ ನಡೆದೆವು.