ಹಳೇ ಕೋವಿ ಗುಂಡಿಗೆ ಹುಣಸೆಹಣ್ಣು ಹಾಕಬೇಡಿ

ಹಲಸೂರಿನಲ್ಲಿ ಚಿಕ್ಕಪ್ಪ ಹಳೇ ಮನೆ ಕೆಡವಿ ಪಾಯ ತೋಡಿಸುತ್ತಿದ್ದರು. ಮಣ್ಣು ಲಾರಿ ಹತ್ತುವ ಮುಂಚೆ ಒಂದ್ಸಲ ಮೆಟಲ್ ಡಿಟೆಕ್ಟರ್ ಆಡಿಸಲಾ ಎಂದು ಕೇಳಿದೆ. "ಆಡಿಸ್ಕೋಪ್ಪ, ಮೊಳೆ ಕಾಲಿಗೆ ಚುಚ್ಚೀತು, ಹುಷಾರು" ಅಂದರು. ಮೊಳೆ, ತಗಡೇ ಜಾಸ್ತಿ ಸಿಕ್ಕವು. ಜೊತೆಗೆ ಹಳೇ ಕೋವಿಗಳ ಮೂರು ಗುಂಡು.

ಮೊದಲನೆಯದನ್ನು ನಾನೇ ಹಾಳು ಮಾಡಿದೆ. ದೀಪ ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿ, ನಾರಿನಲ್ಲಿ ಉಜ್ಜಿದೆ. ಫಳಫಳ ಹೊಳೆಯಿತು. ಆದರೆ ಬೂದುಬಿಳಿ ಪದರದ ಜೊತೆ ಮೇಲಿದ್ದ ಗುರುತುಗಳೂ ಹೋದವು. ಸೀಸ ಉಗುರಲ್ಲೇ ಗೀರು ಬೀಳುವಷ್ಟು ಮೆತ್ತಗೆ. ಈಗ ನೀರು, ಮೆತ್ತನೆ ಬ್ರಷ್ ಬಿಟ್ಟು ಬೇರೇನೂ ಬಳಸಲ್ಲ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುತ್ತೇನೆ, ಸೀಸ ವಿಷ ಅಲ್ವಾ.

ಎರಡನೆಯದು ದುಂಡನೆ ಗುಂಡು. ಭೂತಗನ್ನಡಿಯಲ್ಲಿ ನೋಡಿದರೆ ಸುತ್ತಲೂ ಸಣ್ಣ ಗೆರೆ, ಅಚ್ಚಿನ ಎರಡು ಹೋಳು ಕೂಡಿದ ಜಾಗ. ಗೆರೆಯ ಮೇಲೇ ಸೀಸ ಹೊಯ್ದ ಬಾಯಿಯನ್ನು ಕತ್ತರಿಸಿದ ಗುರುತು. ಎಲ್ಲೂ ಜಜ್ಜಿಲ್ಲ. ಹಾರಿಸಿದ್ದಲ್ಲ, ಯಾರದೋ ಚೀಲದಿಂದ ಬಿದ್ದದ್ದು ಅನಿಸುತ್ತದೆ.

ಕ್ಯಾಲಿಪರ್‌ನಲ್ಲಿ ಒಂದು ಕಡೆ 17.2 ಮಿ.ಮೀ., ಇನ್ನೊಂದು ಕಡೆ 17.5. ಅದಕ್ಕೇ ತೂಕ ನಂಬುತ್ತೇನೆ. ಬಂಗಾರದ ಅಂಗಡಿಯ ತಕ್ಕಡಿಯಲ್ಲಿ 31.2 ಗ್ರಾಂ ಬಂತು. ಅದನ್ನು ಸೀಸದ ಸಾಂದ್ರತೆ 11.34ರಿಂದ ಭಾಗಿಸಿ, ಮತ್ತೆ 0.5236ರಿಂದ (ಗೋಳದ ಗಾತ್ರದ ಸೂತ್ರದಲ್ಲಿ ಬರುವ π/6) ಭಾಗಿಸಿ, ಘನಮೂಲ ತೆಗೆದರೆ ಅಡ್ಡಳತೆ ಸೆಂಟಿಮೀಟರಿನಲ್ಲಿ ಸಿಗುತ್ತದೆ: 1.74. ಚಪ್ಪಟೆಯಾದ ಗುಂಡಿಗೂ ಈ ಲೆಕ್ಕ ಸಾಕು. ಬ್ರಿಟಿಷರ ಬ್ರೌನ್ ಬೆಸ್ ಕೋವಿಯ ನಳಿಗೆ 19 ಮಿ.ಮೀ., ಗುಂಡು ಸುಮಾರು 17.5. ಫ್ರೆಂಚರ ಚಾರ್ಲ್‌ವಿಲ್‌ಗೆ ಹಾಕುತ್ತಿದ್ದದ್ದು 16.5ರ ಆಸುಪಾಸು. ಹಾಗಾಗಿ ಇದು ಬ್ರೌನ್ ಬೆಸ್ ಅಳತೆಯದು.

ಮನೆಯಲ್ಲಿ ಎಲ್ಲರೂ "ಟಿಪ್ಪು ಕಾಲದ್ದು" ಎಂದರು. ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಟಿಪ್ಪುವಿನಿಂದ ಬೆಂಗಳೂರಿನ ಪೇಟೆ, ಕೋಟೆ ಎರಡನ್ನೂ ಹಿಡಿದದ್ದು 1791ರ ಮಾರ್ಚ್‌ನಲ್ಲಿ, ನಿಜ. ಆದರೆ 1809ರಿಂದ ಈ ಕಡೆ ಬ್ರಿಟಿಷರ ದಂಡು (ಸೇನಾ ನೆಲೆ) ಬಂತು, ಇದೇ ಕೋವಿ ಆಮೇಲೂ ಹಲವು ವರ್ಷ ನಡೆಯಿತು. ಬರೀ ಗುಂಡು ನೋಡಿ ಇಸವಿ ಹೇಳಲಾಗದು. ಸಿಕ್ಕ ಆಳ, ಜಾಗ, ಜೊತೆಗಿದ್ದ ಮಡಕೆ ಚೂರು ಬರೆದಿಟ್ಟುಕೊಳ್ಳಲೇಬೇಕು.

ಮೂರನೆಯದು ಸುಲಭ. ಬೆಳ್ಳಿ ಬಣ್ಣದ ಹೊದಿಕೆ, ಚೂಪು ತುದಿ, 7.9 ಮಿ.ಮೀ., 11.2 ಗ್ರಾಂ. ತುದಿ ಮೇಲೆ ಮಾಡಿ ಹಿಡಿದರೆ ಎಡಕ್ಕೆ ವಾಲಿದ 5 ಗೀರು, ನಳಿಗೆಯೊಳಗಿನ ಸುರುಳಿ ಗೆರೆಗಳು ಮೂಡಿಸಿದ್ದು. ಲೀ-ಎನ್‌ಫೀಲ್ಡ್ ರೈಫಲಿನಿಂದ ಹಾರಿದ .303 ಗುಂಡು. ಚೂಪು ತುದಿಯದು 1910ರಿಂದ ಈಚೆಗೆ ಬಂದದ್ದು.

ಇವು ಬರೀ ಗುಂಡು. ಹಿತ್ತಾಳೆ ಕೊಳವೆ ಸಮೇತ ತೋಟಾ ಸಿಕ್ಕರೆ ಮುಟ್ಟದೆ 112ಕ್ಕೆ ಫೋನ್ ಮಾಡಿ. ಕೋಟೆ ಸುತ್ತಮುತ್ತ ಡಿಟೆಕ್ಟರ್ ಹಿಡಿದು ಹೋಗಲೇಬೇಡಿ, ಅದು ರಕ್ಷಿತ ಸ್ಮಾರಕ.

ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಚೀಟಿ ಸಮೇತ ಇಟ್ಟಿದ್ದೇನೆ. ಹುಣಸೆಹಣ್ಣು ಕಂಡ ಆ ಮೊದಲನೆಯದರ ಚೀಟಿಯಲ್ಲಿ ಬರೆಯಲು ತೂಕವೊಂದೇ ಉಳಿದಿದೆ.