ಆಲಿಮರ ಬಳಿ ಮಸ್‌ಅಲಾ (ಧಾರ್ಮಿಕ ಪ್ರಶ್ನೆ) ಕೇಳಲು ಹೋಗುವಾಗ

ಆಲಿಮರಿಗೆ (ಧಾರ್ಮಿಕ ವಿದ್ವಾಂಸರಿಗೆ) ಗೌರವ ಎಂದ ಕೂಡಲೇ ಕೈಗೆ ಮುತ್ತಿಡುವುದು, ಹೆಸರಿಗೆ ಉದ್ದನೆಯ ಬಿರುದು ಸೇರಿಸುವುದು ಇವೇ ನೆನಪಾಗುತ್ತವೆ. ಅವೆಲ್ಲ ಆಮೇಲಿನ ಮಾತು. ಹೊತ್ತು ನೋಡಿ ಹೋಗುವುದು, ವಿಷಯ ಮುಚ್ಚಿಡದೆ ಕೇಳುವುದು, ಸಿಕ್ಕ ಉತ್ತರವನ್ನು ತಿರುಚದೆ ಒಯ್ಯುವುದು: ಅದಬ್ (ಶಿಷ್ಟಾಚಾರ) ನಿಜವಾಗಿ ಪರೀಕ್ಷೆಗೆ ಬೀಳುವುದು ಇಲ್ಲಿ.

ಮೊದಲು ಹೊತ್ತು. ಫಜ್ರ್‌ಗೆ (ಮುಂಜಾನೆಯ ನಮಾಝಿಗೆ) ಮುಂಚೆ, ಮಧ್ಯಾಹ್ನ ವಿರಮಿಸುವಾಗ, ಇಶಾ (ರಾತ್ರಿಯ ನಮಾಝ್) ಆದ ಮೇಲೆ, ಈ ಮೂರು ವೇಳೆಗಳಲ್ಲಿ ಮನೆಯೊಳಗಿನ ಮಕ್ಕಳೂ ಅನುಮತಿ ಕೇಳಿಯೇ ಕೋಣೆಗೆ ಬರಬೇಕು ಎನ್ನುತ್ತದೆ ಕುರ್‌ಆನ್ (24:58). ಮನೆಯವರಿಗೇ ಹೀಗಿರುವಾಗ ಹೊರಗಿನವರು ಆ ಹೊತ್ತಿನಲ್ಲಿ ಬಾಗಿಲು ತಟ್ಟುವುದು ಎಷ್ಟು ಸರಿ? ಫೋನ್ ಮಾಡುವುದೂ ಬಾಗಿಲು ತಟ್ಟಿದಂತೆಯೇ. ಬಾಗಿಲಿಗೆ ನೇರ ಎದುರು ನಿಲ್ಲದೆ ಪಕ್ಕಕ್ಕೆ ಸರಿದು ನಿಂತು ಸಲಾಂ ಹೇಳಿ. ನಡುವೆ ಸ್ವಲ್ಪ ಬಿಡುವು ಕೊಟ್ಟು ಮೂರು ಸಲ ಅನುಮತಿ ಕೇಳಿ, ಉತ್ತರ ಬರದಿದ್ದರೆ ಹಿಂತಿರುಗಿ. "ಈಗ ಆಗುವುದಿಲ್ಲ, ಹೋಗಿ" ಎಂದರೂ ಬೇಸರ ಬೇಡ. ಹಾಗೆಂದಾಗ ಹಿಂತಿರುಗುವುದೇ ಪರಿಶುದ್ಧವಾದ ನಡೆ ಎಂದು ಅದೇ ಅಧ್ಯಾಯದಲ್ಲಿದೆ (24:28). "ಯಾರು?" ಎಂದಾಗ "ನಾನು" ಎಂದರೆ ಸಾಲದು, ಹೆಸರು ಹೇಳಬೇಕು. ಪ್ರವಾದಿಯವರ ಸಂಗಾತಿ ಜಾಬಿರ್ (ರ) ಹಾಗೆ "ನಾನು" ಎಂದಾಗ ಪ್ರವಾದಿಯವರಿಗೆ (ಸ) ಅದು ಹಿಡಿಸಲಿಲ್ಲ.

ಒಳಗೆ ಹೋದ ಮೇಲೆ ಜಾಗ ಖಾಲಿ ಇರುವಲ್ಲಿ ಕೂರಿ, ಕೂತವರನ್ನು ಎಬ್ಬಿಸಬೇಡಿ. ದೇವದೂತ ಜಿಬ್ರೀಲರು ಪ್ರವಾದಿಯವರ (ಸ) ಬಳಿ ಪ್ರಶ್ನೆ ಕೇಳಲು ಬಂದಾಗ ಮೊಣಕಾಲಿಗೆ ಮೊಣಕಾಲು ತಾಗಿಸಿ, ಕೈಗಳನ್ನು ತೊಡೆಯ ಮೇಲಿಟ್ಟು ಕೂತ ಹದೀಸ್ (ಪ್ರವಾದಿಯವರ ನುಡಿ-ನಡೆಯ ವರದಿ) ಪ್ರಸಿದ್ಧ. ಹತ್ತಿರ ಕೂರುವುದು, ಗಮನ ಪೂರ್ತಿ ಅತ್ತಲೇ ಇಡುವುದು ಅದರ ಪಾಠ. ಮೊಬೈಲ್ ಸೈಲೆಂಟ್‌ನಲ್ಲಿರಲಿ. ಮಾತು ರೆಕಾರ್ಡ್ ಮಾಡಬೇಕಿದ್ದರೆ ಮೊದಲೇ ಕೇಳಿಕೊಳ್ಳಿ, ಗುಟ್ಟಾಗಿ ಮಾಡುವುದು ವಂಚನೆ.

ಜನ ಹೆಚ್ಚು ಎಡವುವುದು ಪ್ರಶ್ನೆಯಲ್ಲೇ. ಉಸ್ತಾದರಿಗೆ (ಗುರುಗಳಿಗೆ) ಗೊತ್ತಾಗುವುದು ನೀವು ಹೇಳಿದಷ್ಟೇ. ಆಸ್ತಿ ಪಾಲಿನ ವಿಷಯವಾದರೆ ಮರಣದ ದಿನ ಬದುಕಿದ್ದವರು ಯಾರ್‍ಯಾರು ಎಂಬ ಪಟ್ಟಿ ಬರೆದುಕೊಂಡು ಹೋಗಿ: ಗಂಡ ಅಥವಾ ಹೆಂಡತಿ, ತಂದೆ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಒಡಹುಟ್ಟಿದವರು. ಜೊತೆಗೆ ಸಾಲ ಎಷ್ಟು, ವಸಿಯ್ಯತ್ (ಉಯಿಲು) ಏನು ಎಂಬುದೂ ಇರಲಿ. ಅಂತ್ಯಕ್ರಿಯೆಯ ಖರ್ಚು, ಸಾಲ, ಮೂರನೇ ಒಂದು ಭಾಗ ಮೀರದ ವಸಿಯ್ಯತ್ ಕಳೆದ ಮೇಲೆಯೇ ಪಾಲು. ತೀರಿಕೊಂಡವರಿಗೆ ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು, ಇಲ್ಲದಿದ್ದರೆ ನಾಲ್ಕನೇ ಒಂದು. ಇದ್ದ ಒಬ್ಬಳೇ ಮಗಳ ಹೆಸರು ಬಿಟ್ಟುಹೋದರೆ ಈ ಒಂದು ಪಾಲೇ ಎರಡರಷ್ಟಾಗುತ್ತದೆ, ಉಳಿದ ಲೆಕ್ಕವೆಲ್ಲ ತಲೆಕೆಳಗು. ತಲಾಖ್ ಕುರಿತು ಕೇಳುವಾಗ ಆಡಿದ ಮಾತನ್ನು ಇದ್ದ ಹಾಗೇ ಹೇಳಿ. ಎಷ್ಟು ಸಲ, ಬಾಯಲ್ಲೋ ಬರಹದಲ್ಲೋ, ಈ ಹಿಂದೆಯೂ ಆಗಿತ್ತೋ ಎಂಬುದನ್ನೂ ತಿಳಿಸಿ. ನಯಗೊಳಿಸಿದ ಮಾತಿಗೆ ಸಿಕ್ಕ ಫತ್ವಾ ನಿಜವಾಗಿ ಆಡಿದ ಮಾತಿಗೆ ಅನ್ವಯಿಸುವುದಿಲ್ಲ. ನೀವು ಯಾವ ಮದ್‌ಹಬ್ (ಧರ್ಮಶಾಸ್ತ್ರದ ಪಂಥ) ಅನುಸರಿಸುತ್ತೀರಿ ಎಂಬುದನ್ನೂ ಸೇರಿಸಿ.

"ಅವರು ಹಾಗಂದರು, ನೀವೇನಂತೀರಿ?" ಎಂದು ಒಬ್ಬ ಆಲಿಮರನ್ನು ಇನ್ನೊಬ್ಬರ ಮೇಲೆ ಎತ್ತಿಕಟ್ಟಬೇಡಿ. ಬೇಕಾದ ಉತ್ತರ ಸಿಗುವ ತನಕ ಮನೆಮನೆ ಅಲೆಯುವವರಿಗೆ ಬೇಕಿರುವುದು ಇಲ್ಮ್ (ಜ್ಞಾನ) ಅಲ್ಲ, ತಮ್ಮ ಇಷ್ಟಕ್ಕೊಂದು ಮುದ್ರೆ. "ನನಗೆ ಗೊತ್ತಿಲ್ಲ" ಎಂಬುದೂ ಉತ್ತರವೇ. ಒಂದು ಮದ್‌ಹಬ್‌ನ ಮೂಲಪುರುಷ ಇಮಾಂ ಮಾಲಿಕ್‌ರಂಥವರೇ ತಮ್ಮ ಮುಂದೆ ಬಂದ ಎಷ್ಟೋ ಪ್ರಶ್ನೆಗಳಿಗೆ ಹಾಗೆ ಹೇಳಿ ಕಳಿಸಿದ್ದರು. ಒತ್ತಾಯಿಸಿ ಊಹೆ ಹೇಳಿಸಬೇಡಿ. ದರ್ಸ್ (ಪಾಠ) ನಡೆಯುವಾಗ ಏಳುವ ಸಂಶಯವನ್ನು ಬರೆದಿಟ್ಟುಕೊಳ್ಳಿ, ಮುಗಿದ ಮೇಲೆ ಕೇಳಿ. ಮೂಸಾ (ಅ) ಪ್ರವಾದಿಯಾಗಿದ್ದೂ ಜ್ಞಾನಿ ಖಿಝ್ರ್‌ರನ್ನು "ನಿಮ್ಮ ಜೊತೆ ಬರಬಹುದೇ?" ಎಂದು ಬಿನ್ನಹದ ದನಿಯಲ್ಲೇ ಕೇಳಿದ್ದರು. ನಾನಾಗಿ ಹೇಳುವ ತನಕ ಏನೂ ಕೇಳಬಾರದು ಎಂಬುದು ಅವರಿಗೆ ಸಿಕ್ಕ ಷರತ್ತು (18:66, 70).

ಒಪ್ಪಿಗೆಯಾಗದಿದ್ದರೆ? "ಇದರ ದಲೀಲ್ (ಆಧಾರ) ತಿಳಿಸಬಹುದೇ?" ಎಂದು ಕೇಳುವುದು ಬೇಅದಬಿಯಲ್ಲ. ದನಿ ಏರಬಾರದು, ಸಭೆಯ ನಡುವೆ ಅಡ್ಡಹಾಕಬಾರದು, ಅಷ್ಟೇ. ನಮಾಝಿನಲ್ಲಿ ಇಮಾಂ ತಪ್ಪಿದರೂ ಸುಮ್ಮನಿರಬೇಕಿಲ್ಲ: ಗಂಡಸರು "ಸುಬ್ಹಾನಲ್ಲಾಹ್" ಎನ್ನುತ್ತಾರೆ, ಹೆಂಗಸರು ಕೈ ತಟ್ಟುತ್ತಾರೆ. ನಮಾಝಿನ ಹೊರಗಾದರೆ ಒಂಟಿಯಾಗಿ ಸಿಕ್ಕಾಗ ಹೇಳಿ. ಅವರಿಲ್ಲದಾಗ ಅದನ್ನೇ ನಾಲ್ಕು ಜನರ ನಡುವೆ ಆಡಿಕೊಂಡರೆ ಗೀಬತ್ (ಪರನಿಂದೆ).

ಗೌರವಕ್ಕೂ ಮಿತಿಯಿದೆ. ಯಾರ ಮುಂದೆಯೂ ನಮಾಝಿನ ರುಕೂವಿನಂತೆ ಬಾಗುವಂತಿಲ್ಲ, ಸುಜೂದ್ (ಸಾಷ್ಟಾಂಗ) ಅಂತೂ ಇಲ್ಲವೇ ಇಲ್ಲ. ಸ್ನೇಹಿತ ಸಿಕ್ಕಾಗ ಬಾಗಬಹುದೇ ಎಂದು ಕೇಳಿದವರಿಗೆ ಪ್ರವಾದಿ (ಸ) ಬೇಡ ಎಂದರು, ಕೈಕುಲುಕಬಹುದು ಎಂದರು. ಬಂದವರಿಗೆ ಎದ್ದು ನಿಲ್ಲುವ ವಿಷಯದಲ್ಲಿ ಆಲಿಮರಲ್ಲೇ ಭಿನ್ನಾಭಿಪ್ರಾಯವಿದೆ, ನಿಲ್ಲದವರನ್ನು ದೂರಬೇಡಿ. ಮಹ್ರಮ್ (ಮದುವೆಯಾಗಬಾರದ ಹತ್ತಿರದ ಬಂಧು) ಅಲ್ಲದ ಗಂಡು-ಹೆಣ್ಣಿನ ನಡುವೆ ಮುಸಾಫಹ (ಕೈಕುಲುಕುವುದು) ಇಲ್ಲ. ಮಹಿಳೆಯರು ಪ್ರಶ್ನೆಯನ್ನು ಬರೆದು ಕಳಿಸಿದರೂ ನಡೆಯುತ್ತದೆ. ಉಸ್ತಾದರು ಹೇಳಿದರೆಂದು ಹರಾಮ್ ಹಲಾಲ್ ಆಗುವುದಿಲ್ಲ. ಮಗುವಿಗೆ ಹೊಡೆತವೋ ಕಿರುಕುಳವೋ ಆದರೆ ಅದನ್ನು ಅದಬ್ ಹೆಸರಲ್ಲಿ ಮುಚ್ಚಿಡುವುದು ದೊಡ್ಡ ತಪ್ಪು. ಅನ್ಯಾಯಕ್ಕೊಳಗಾದವರು ಬಹಿರಂಗವಾಗಿ ಹೇಳಬಹುದೆಂದು ಕುರ್‌ಆನೇ ವಿನಾಯಿತಿ ಕೊಟ್ಟಿದೆ (4:148).

ಉತ್ತರ ಸಿಕ್ಕಿದ ಮೇಲೆ ಅಲ್ಲೇ ಒಮ್ಮೆ ನಿಮ್ಮ ಮಾತಲ್ಲಿ ಹೇಳಿ ಸರಿಯೇ ಎಂದು ಕೇಳಿಕೊಳ್ಳಿ, ಪ್ರಶ್ನೆಯ ಸಮೇತ ಬರೆದಿಡಿ. ಪ್ರಶ್ನೆ ಬಿಟ್ಟು ಉತ್ತರ ಮಾತ್ರ ವಾಟ್ಸಾಪ್‌ನಲ್ಲಿ ಹಂಚಿದರೆ ನಿಮ್ಮ ಮನೆಗೆಂದು ಹೇಳಿದ್ದನ್ನು ಊರೆಲ್ಲ ತಮ್ಮ ಮನೆಗೆ ಅನ್ವಯಿಸಿಕೊಳ್ಳುತ್ತದೆ, ದೂರು ಬರುವುದು ಉಸ್ತಾದರ ಮೇಲೆ.